ಗಂಟಿಲ್ಲದ ಮೇವಿನ ದಿಬ್ಬ

ಬಾಯಾರಿದವನ ಮೊರೆಯನ್ನು ಅವನು ಬಾಯಿ ತೆರೆಯುವ ಮುನ್ನವೇ ಕೇಳುವ, ಮರಳಿನ ಒಂದೊಂದು ಕಣವನ್ನೂ ಹೆಸರು ಹಿಡಿದು ಬಲ್ಲ, ನಮ್ಮೆಲ್ಲರ ಒಡೆಯನಾದ ಆ ಕರುಣಾಳುವಿಗೆ ಮೊದಲು ತಲೆಬಾಗುತ್ತೇನೆ. ಅವನ ಹೆಸರು ಹೇಳದೆ ನಮ್ಮ ಕಡೆ ಯಾರೂ ಬಾವಿಗೆ ಹಗ್ಗ ಇಳಿಸುವುದಿಲ್ಲ. ಹಳೆಯ ಕಾಲದ ಮಾತೂ ಒಂದು ಆಳವಾದ ಬಾವಿಯೇ ಅಲ್ಲವೇ? ಇಳಿಸಿದ ಹಗ್ಗ ನಡುವೆ ಕಡಿಯದಿರಲಿ, ಮೇಲೆ ಬಂದ ನೀರು ಕೇಳುವವರಿಗೆ ಸಿಹಿಯಾಗಿರಲಿ ಎಂದು ಬೇಡಿಕೊಂಡು ಈ ಐತಿಹ್ಯಕ್ಕೆ ತೊಡಗುತ್ತೇನೆ.

ನಮ್ಮ ನಾಡು ಸಹಾರಾ ಎಂಬ ಮಹಾ ಮರಳುಗಾಡಿನ ಹೊಟ್ಟೆಯೊಳಗಿದೆ. ಇಲ್ಲಿಂದ ಯಾವ ದಿಕ್ಕು ಹಿಡಿದು ನಡೆದರೂ ಮತ್ತೊಬ್ಬರ ನಾಡು ಸಿಗುತ್ತದೆಯೇ ಹೊರತು ಕಡಲು ಸಿಗುವುದಿಲ್ಲ. ಹಜ್ ಯಾತ್ರೆಗೆ ಹೋಗಿ ಬಂದವರು ಕಡಲಿನ ವರ್ಣನೆ ಮಾಡಿದರೆ ನಮ್ಮ ಮುದುಕರು, ಅಷ್ಟು ನೀರಿದ್ದೂ ಒಂದು ಗುಟುಕು ಕುಡಿಯಲು ಬರುವುದಿಲ್ಲವಂತೆ, ಪಾಪ, ಎಂದು ಕಡಲ ದಂಡೆಯ ಜನರಿಗಾಗಿ ಮರುಗುತ್ತಾರೆ. ಪಶ್ಚಿಮಕ್ಕೆ ಕಪ್ಪು ಬಂಡೆಗಳ ಬೆಟ್ಟಸಾಲು ಇದೆ. ಮಳೆ ಬಿದ್ದ ವರ್ಷ ಅದರ ಕಣಿವೆಗಳಲ್ಲಿ ಬೆಳಿಗ್ಗೆ ಹೊಳೆ ಹುಟ್ಟುತ್ತದೆ, ಸಂಜೆಯೊಳಗೆ ಮರಳು ಅದನ್ನು ಕುಡಿದುಬಿಡುತ್ತದೆ. ಯಾವ ಕಡಲನ್ನೂ ಸೇರದೆ ಸಾಯುವ ಹೊಳೆಗಳು ನಮ್ಮವು. ಆ ಸಾವಿನಿಂದಲೇ ಕಣಿವೆಯಲ್ಲಿ ಒಂದಿಷ್ಟು ಹುಲ್ಲು ಏಳುತ್ತದೆ. ಪೂರ್ವಕ್ಕೆ, ಬಹಳ ದೂರದಲ್ಲಿ, ಉಪ್ಪು ಬೇಯಿಸುವವರ ಊರು ತಫಾರಾ ಇದೆ. ಬೆಟ್ಟಕ್ಕೂ ತಫಾರಾಕ್ಕೂ ನಡುವೆ ಇರುವುದು ಬರೀ ಬಯಲು. ಮರವಿಲ್ಲ, ಬಾವಿಯಿಲ್ಲ, ಹಕ್ಕಿಯ ನೆರಳೂ ಬೀಳುವುದಿಲ್ಲ. ಆದರೆ ಗಾಳಿ ಮರಳಿನ ಪದರವನ್ನು ಎತ್ತಿ ಒಯ್ದ ಜಾಗದಲ್ಲಿ ಬಗ್ಗಿ ನೋಡಿದರೆ ಮೀನಿನ ಮುಳ್ಳುಗಳೂ ಚಿಪ್ಪುಗಳೂ ಕಾಣುತ್ತವೆ. ಯಾವುದೋ ಕಾಲದಲ್ಲಿ ಅಲ್ಲೊಂದು ಮಹಾ ಸರೋವರವಿತ್ತು ಎನ್ನುತ್ತಾರೆ. ಕೊಟ್ಟವನೂ ಅವನೇ, ಹಿಂದಕ್ಕೆ ತೆಗೆದುಕೊಂಡವನೂ ಅವನೇ. ಅವನು ಏಕೆ ತೆಗೆದುಕೊಂಡನೆಂದು ಕೇಳುವಷ್ಟು ನಮ್ಮ ನಾಲಿಗೆ ದೊಡ್ಡದಲ್ಲ.

ಆ ಬಯಲಿನ ನಡುವೆ ಇಂದಿಗೂ ಒಂದು ದಿಬ್ಬವಿದೆ. ಅಕ್ಕಪಕ್ಕದ ಮರಳಗುಡ್ಡೆಗಳು ಗಾಳಿಗೆ ಜಾಗ ಬದಲಿಸಿದರೂ ಅದು ಕದಲಿಲ್ಲ, ಒಳಗೆ ಬಂಡೆಯಿರಬೇಕು. ಅದರ ಗಾಳಿಮರೆಯಲ್ಲಿ ಒಣಹುಲ್ಲಿನ ಒಂದು ರಾಶಿ ಸದಾ ಬಿದ್ದಿರುತ್ತದೆ. ಹುಲ್ಲಿನ ಮೇಲೆ ಉಪ್ಪಿನ ಅಚ್ಚುಗಳನ್ನು ಹೇರಿಟ್ಟಿರುತ್ತಾರೆ. ರಾಶಿಗೆ ಕಟ್ಟಿಲ್ಲ, ಹಗ್ಗವಿಲ್ಲ, ಗಂಟಿಲ್ಲ. ಅದು ಯಾರದು ಎಂದು ಹೊಸಬರು ಕೇಳಿದರೆ ದಾರಿ ಬಲ್ಲವರು, ನಿಮ್ಮ ಪ್ರಾಣಿಗೆ ಹಸಿವಾಗಿದ್ದರೆ ನಿಮ್ಮದೇ ಎನ್ನುತ್ತಾರೆ. ಅದಕ್ಕೆ ಗಂಟಿಲ್ಲದ ಮೇವಿನ ದಿಬ್ಬ ಎಂಬ ಹೆಸರು ಬಂದ ಬಗೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಹೇಳುವಾಗ ಅವರು ಕೈಯಲ್ಲಿದ್ದ ಕೆಲಸವನ್ನು ಕೆಳಗಿಡುತ್ತಿದ್ದರು. ಬೇರೆ ಯಾವ ಕಥೆಗೂ ಅವರು ಹಾಗೆ ಮಾಡಿದ್ದಿಲ್ಲ.

ಹಿಂದೆ ಒಮ್ಮೆ ಬೆಟ್ಟದ ಬುಡದ ಬಾವಿಯೊಂದರ ಬಳಿ ಗುಮೂರ್ ಎಂಬ ಒಂಟೆಸಾಲಿನ ಮುಂದಾಳು ಇದ್ದನು. ದೈವಭಯವುಳ್ಳವನು, ಮಾತು ಕಡಿಮೆ. ಅವನ ತಮ್ಮ ಬುಖಾನಿಗೆ ಅಣ್ಣನ ಪಾಲಿನ ಮಾತನ್ನೂ ದೇವರು ಕೊಟ್ಟಿದ್ದನು. ಗುಮೂರನ ಒಬ್ಬನೇ ಮಗ ಅಘಾಲಿ. ಚಳಿಗಾಲ ಬಂತೆಂದರೆ ಈ ಮೂವರೂ ಒಂಟೆಗಳ ಮೇಲೆ ಸಜ್ಜೆ ಹೇರಿಕೊಂಡು ತಫಾರಾಕ್ಕೆ ಹೋಗಿ, ಸಜ್ಜೆ ಕೊಟ್ಟು ಉಪ್ಪು ತರುತ್ತಿದ್ದರು. ಬಯಲಿನಲ್ಲಿ ಹುಲ್ಲಿಲ್ಲವಾದ್ದರಿಂದ ಒಂಟೆಯ ಮೇವನ್ನು ಒಂಟೆಯೇ ಹೊರಬೇಕು. ಹೋಗಿ ಬರುವಷ್ಟು ದಿನದ ಮೇವನ್ನು ಉದ್ದಕ್ಕೂ ಹೊರಿಸಿದರೆ ಸಜ್ಜೆಗೆ ಬೆನ್ನೆಲ್ಲಿ? ಅದಕ್ಕಾಗಿ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಹೋಗುವಾಗಲೇ ಅಲ್ಲಲ್ಲಿ ಮೇವಿನ ಹೊರೆಗಳನ್ನು ಮರಳಿನ ಮೇಲೆ ಇಳಿಸುತ್ತ ಹೋಗುವುದು, ಬರುವಾಗ ಅದೇ ಮೇವನ್ನು ಒಂಟೆಗಳಿಗೆ ಹಾಕುತ್ತ ಬರುವುದು. ಆ ಹೊರೆಗಳಿಗೆ ಬೇಲಿಯಿಲ್ಲ, ಕಾವಲಿಲ್ಲ. ಗಂಟೇ ಕಾವಲು. ಒಂದೊಂದು ಮನೆತನಕ್ಕೂ ಹುರಿ ಸುತ್ತುವ, ಕುಣಿಕೆ ಬಿಗಿಯುವ ತನ್ನದೇ ರೀತಿ ಇತ್ತು. ಅತ್ತೆಯಿಂದ ಸೊಸೆಗೆ ಅದು ಕೈಯಿಂದ ಕೈಗೆ ಬರುತ್ತಿತ್ತು. ಪರರ ಗಂಟಿನ ಮೇವನ್ನು ಮುಟ್ಟಿದವನು ಹಿಂದೆ ಬರುವವರ ಒಂಟೆಗಳನ್ನು ಕೊಂದಂತೆ, ಒಂಟೆ ಸತ್ತರೆ ಆ ಬಯಲಿನಲ್ಲಿ ಮನುಷ್ಯನೂ ಉಳಿಯುವುದಿಲ್ಲ. ಬಂಗಾರ ಕದ್ದವನ ಮನೆಗೆ ಹೆಣ್ಣು ಕೊಟ್ಟಾರು, ಮೇವು ಕದ್ದವನ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಆದರೆ ಆ ಕಟ್ಟಳೆಗೆ ಇನ್ನೊಂದು ಮಗ್ಗುಲೂ ಇತ್ತು, ಅದನ್ನು ಮರೆಯಬಾರದು. ಮೇವಿನ ಒಡೆಯ ಎದುರಿಗಿದ್ದರೆ ಕೇಳಬಹುದು. ಕೇಳಿದವನಿಗೆ ಒಡೆಯ ಇಲ್ಲವೆನ್ನುವಂತಿರಲಿಲ್ಲ.

ಆ ವರ್ಷ ಗುಮೂರನ ಮನೆಯಲ್ಲಿ ಎರಡು ಸಂಗತಿ ನಡೆದಿದ್ದವು. ಮಳೆಗಾಲಕ್ಕೆ ಮೊದಲು ಅವನ ಹೆಂಡತಿ ತೀರಿಕೊಂಡಳು. ಮಳೆ ಕಳೆದ ಮೇಲೆ ಅಘಾಲಿಯ ಮದುವೆಯಾಗಿ ಉತ್ತರದ ಬಾವಿಯವರ ಮಗಳು ಗೈಶಾ ಸೊಸೆಯಾಗಿ ಬಂದಳು. ಹುಲ್ಲು ಕೊಯ್ದು ಹೊರೆ ಕಟ್ಟುವುದು ಹೆಂಗಸರ ಕೆಲಸ. ಕಲಿಸಬೇಕಾದ ಅತ್ತೆ ಮಣ್ಣಿನಲ್ಲಿದ್ದಳು. ಈ ಮನೆಯ ಗಂಟು ಹೇಗೆ ಎಂದು ಮಾವನನ್ನು ಕೇಳಲು ಹೊಸ ಸೊಸೆಗೆ ಬಾಯಿ ಬರಲಿಲ್ಲ, ಮಾವನ ಮುಂದೆ ಸೆರಗು ಸರಿಸಿ ಮಾತಾಡುವ ರೂಢಿಯೇ ಇರಲಿಲ್ಲ. ಗಂಡನನ್ನು ಕೇಳಿದರೆ ಅವನು ನಕ್ಕು, ಬಿಚ್ಚಿಹೋಗದಂತೆ ಕಟ್ಟು, ಸಾಕು ಎಂದನಂತೆ. ಅವಳು ತವರಿನಲ್ಲಿ ತಾಯಿ ಕಲಿಸಿದ ಗಂಟನ್ನೇ ಹಾಕಿದಳು. ಹುರಿಯನ್ನು ಎರಡು ಸುತ್ತು ಸುತ್ತಿ, ಕುಣಿಕೆಯನ್ನು ಎಡಕ್ಕೆ ಎಳೆಯುವ ಉತ್ತರದ ಬಾವಿಯವರ ಗಂಟು. ಬಲು ಅಚ್ಚುಕಟ್ಟಾಗಿ ಕಟ್ಟಿದ್ದಳು ಎನ್ನುತ್ತಾರೆ. ಮಗ ಮನೆಯ ಗಂಟನ್ನು ಅವಳಿಗೆ ತೋರಿಸಿಕೊಟ್ಟಿರುತ್ತಾನೆಂದು ನಂಬಿ, ಸೊಸೆ ಮಾಡಿದ ಕೆಲಸವನ್ನು ತಿರುಗಿಸಿ ನೋಡುವುದು ಅವಳಿಗೆ ಅವಮಾನವೆಂದು ಗುಮೂರ್ ಹೊರೆಗಳತ್ತ ಕಣ್ಣು ಹಾಯಿಸಲಿಲ್ಲ. ಹೀಗೆ ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಯುತ್ತಲೇ ಇಬ್ಬರೂ ಆ ತಪ್ಪಿಗೆ ದಾರಿ ಬಿಟ್ಟರು.

ಹೋಗುವ ದಾರಿಯಲ್ಲಿ ಗುಮೂರ್ ಎಲ್ಲರಿಗಿಂತ ಮುಂದಿದ್ದನು. ಮುಂದಾಳು ಹಿಂದಿರುಗಿ ನೋಡುವಂತಿಲ್ಲ, ಕಣ್ಣು ಒಮ್ಮೆ ದಿಕ್ಕು ಬಿಟ್ಟರೆ ಬಯಲು ಮತ್ತೆ ಆ ದಿಕ್ಕನ್ನು ಕೊಡುವುದಿಲ್ಲ. ಬುಖಾ ನಡುವೆ, ಅಘಾಲಿ ಕೊನೆಗೆ. ಸಾಲು ನಿಲ್ಲುವುದೂ ಇಲ್ಲ. ಸಜ್ಜೆಹಿಟ್ಟು, ಖರ್ಜೂರ ಕಲಸಿದ ಅಂಬಲಿಯನ್ನು ನಡೆಯುತ್ತಲೇ ಕುಡಿಯುತ್ತಾರೆ, ಮೇವನ್ನೂ ನಡೆಯುತ್ತಲೇ ಕೊನೆಯವನು ಇಳಿಸುತ್ತಾನೆ. ತಫಾರಾದ ಸಮೀಪದ ಎರಡು ತಾಣಗಳಲ್ಲಿ ಬುಖಾನ ಮನೆಯ ಹೊರೆಗಳನ್ನೂ, ಬಯಲಿನ ನಡುವಿನ ಈ ದಿಬ್ಬದ ಮರೆಯಲ್ಲಿ ಗುಮೂರನ ಮನೆಯ ಹೊರೆಗಳನ್ನೂ ಇಳಿಸಿದವನು ಅಘಾಲಿ. ಗೈಶಾಳ ಗಂಟನ್ನು ನೋಡಿದ್ದವನು ಅವನೊಬ್ಬನೇ. ಆ ಅಘಾಲಿ ತಫಾರಾದಲ್ಲಿ ಚಳಿಜ್ವರ ಹತ್ತಿ ಮಲಗಿದನು. ಉಪ್ಪು ಬೇಯಿಸುವವರು, ಇವನು ಚೇತರಿಸಿಕೊಂಡ ಮೇಲೆ ಬೇರೆ ಸಾಲಿನೊಡನೆ ಕಳಿಸುತ್ತೇವೆ, ನೀವು ಹೊರಡಿ, ಗಾಳಿಯ ಬಣ್ಣ ಸರಿಯಿಲ್ಲ ಎಂದರು. ಮಗನ ಹಣೆಯ ಮೇಲೆ ಕೈಯಿಟ್ಟು ಅಲ್ಲಾಹನಿಗೆ ಒಪ್ಪಿಸಿ, ಗುಮೂರ್ ತಮ್ಮನೊಡನೆ ಉಪ್ಪು ಹೇರಿದ ಒಂಟೆಗಳನ್ನು ಹೊಡೆದುಕೊಂಡು ಹೊರಟನು.

ಮೊದಲ ತಾಣದ ಮೇವು ಸಿಕ್ಕಿತು. ಅದಾದ ಮೇಲೆ ಈಶಾನ್ಯದ ಗಾಳಿ ಎದ್ದಿತು. ಸೂರ್ಯ ತಾಮ್ರದ ತಟ್ಟೆಯಾಗಿ, ಆಮೇಲೆ ಕಾಣದೇ ಹೋದನು. ಒಂಟೆಗಳು ಗಾಳಿಗೆ ಬೆನ್ನು ತಿರುಗಿಸಿ ಕುಳಿತವು. ಉಪ್ಪಿನ ಹೇರಿನಡಿ ಸಿಕ್ಕಿದ ಒಂಟೆಯೊಂದು ಒದ್ದಾಡಿ ಎದ್ದಾಗ ನೀರು ತುಂಬಿದ ತೊಗಲ ತಿತ್ತಿಗಳು ಸೀಳಿ, ನೀರು ಅವರ ಕಣ್ಣೆದುರೇ ಮರಳಿಗೆ ಹೋಯಿತು. ಗಾಳಿ ನಿಂತ ಮೇಲೆ ನೋಡಿದರೆ ಬಯಲು ಬೇರೆಯೇ ಆಗಿತ್ತು. ಗುರುತಿನ ಗುಡ್ಡೆಗಳಿರಲಿಲ್ಲ, ಇಲ್ಲದ ಕಡೆ ಗುಡ್ಡೆಗಳಿದ್ದವು. ಎರಡನೆಯ ತಾಣದ ಮೇವು ಮರಳಿನಡಿ ಎಲ್ಲೋ ಹೂತುಹೋಗಿತ್ತು. ಉಗುರು ಕಿತ್ತುಹೋಗುವವರೆಗೆ ತೋಡಿದರೂ ಒಂದು ಎಸಳು ಹುಲ್ಲು ಸಿಗಲಿಲ್ಲ. ಹಸಿದ ಒಂಟೆಗಳು ಒಂದರ ಬೆನ್ನಿನ ಚಾಪೆಯನ್ನು ಇನ್ನೊಂದು ಕಚ್ಚಿ ತಿನ್ನುತ್ತ ನಡೆದವು.

ಹೀಗೆ ಅವರು ಈ ದಿಬ್ಬಕ್ಕೆ ಬಂದರು. ಗಾಳಿ ಸುತ್ತ ಮರಳು ಪೇರಿಸಿ ಅದರ ಆಕಾರವನ್ನೇ ಬದಲಿಸಿದ್ದರಿಂದ, ಹೋಗುವಾಗ ಮೇವು ಇಳಿಸಿದ ದಿಬ್ಬ ಇದೇ ಎಂದು ಅವರಿಗೆ ಗುರುತು ಹತ್ತಲಿಲ್ಲ. ದಿಬ್ಬದ ಮರೆಯಲ್ಲಿ ಮೇವಿನ ಹೊರೆಗಳು ಒಂದೂ ಕೆಡದೆ ಬಿದ್ದಿದ್ದವು. ಬುಖಾ ದೇವರನ್ನು ಹೊಗಳುತ್ತ ಓಡಿಹೋದನು. ಗುಮೂರ್ ಹಿಂದಿನಿಂದ ಬಂದು ಮೊಣಕಾಲೂರಿ ಗಂಟನ್ನು ಮುಟ್ಟಿ ನೋಡಿದನು. ಅವನ ಬೆರಳುಗಳು ಬಹಳ ವರ್ಷಗಳಿಂದ ಬಲ್ಲ ಒಂದೇ ಗಂಟನ್ನು ಹುಡುಕುತ್ತಿದ್ದವು, ಅದು ಅವನ ಹೆಂಡತಿಯ ಗಂಟು. ಸತ್ತವಳು ಆ ವರ್ಷ ಮೇವು ಕಟ್ಟಿರಲಿಲ್ಲ ಎಂಬುದು ಅವನ ಬುದ್ಧಿಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಎರಡು ಸುತ್ತು, ಎಡಕ್ಕೆ ಎಳೆದ ಕುಣಿಕೆ.

"ಇದು ನಮ್ಮದಲ್ಲ," ಎಂದನು ಗುಮೂರ್. "ಉತ್ತರದ ಬಾವಿಯವರದು. ಗಾಳಿಯಲ್ಲಿ ದಿಕ್ಕು ತಪ್ಪಿ ಅವರ ದಾರಿಗೆ ಬಂದಿದ್ದೇವೆ. ನಮ್ಮದು ತೆಂಕಲಿಗೆ ಎಲ್ಲೋ ಇರಬೇಕು."

ತೆಂಕಲಿಗೆ ಹುಡುಕಿದರು, ಬಡಗಲಿಗೆ ಹುಡುಕಿದರು. ಕಾಲು ಸೋಲುವವರೆಗೆ ಹುಡುಕಿ, ಪ್ರತಿ ಬಾರಿಯೂ ಅದೇ ದಿಬ್ಬಕ್ಕೆ, ಅದೇ ಮೇವಿಗೆ ಮರಳಿದರು. ಒಂಟೆಗಳು ಹುಲ್ಲಿನ ವಾಸನೆಗೆ ಕತ್ತು ಚಾಚಿ ಕೂಗತೊಡಗಿದವು. ಹಸಿದ ಒಂಟೆಯ ಕೂಗು ಕೇಳಿದವರಿಗೆ ಗೊತ್ತು, ಅದು ತಾಯಿಯನ್ನು ಕರೆಯುವ ಕೂಸಿನ ಹಾಗಿರುತ್ತದೆ. ಬುಖಾನಿಗೆ ತಡೆಯಲಾಗಲಿಲ್ಲ.

"ಅಣ್ಣ, ಹುಲ್ಲಿಗೇನು ಬಾಯಿದೆಯೇ ನಾನು ಇಂಥವರದು ಎಂದು ಹೇಳಲು?"

"ಹುಲ್ಲಿಗಿಲ್ಲ, ಗಂಟಿಗಿದೆ."

"ನಿನ್ನ ಮದುವೆಯಲ್ಲಿ ನೆಂಟರಿಗಿಂತ ಮೊದಲು ಒಂಟೆಗಳಿಗೆ ನೀರು ಕುಡಿಸಿದ ಪುಣ್ಯಾತ್ಮ ನೀನು. ಅತ್ತೆ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಈಗ ಅದೇ ಒಂಟೆಗಳು ನಿನ್ನನ್ನು ಶಪಿಸುತ್ತಿವೆ, ಕೇಳು. ಸತ್ತಮೇಲೆ ನಮ್ಮನ್ನು ಕಳ್ಳರೆಂದು ಯಾರೂ ಕರೆಯುವುದಿಲ್ಲ ನಿಜ, ಕರೆಸಿಕೊಳ್ಳಲು ನಾವೇ ಇರುವುದಿಲ್ಲ."

ಗುಮೂರ್ ಕತ್ತು ಚಾಚಿದ ಒಂಟೆಯೊಂದನ್ನು ಮೇವಿನಿಂದ ಆಚೆಗೆ ಸರಿಸಿದನು. ಆಮೇಲೆ ಹೇಳಿದ ಮಾತನ್ನು ಬುಖಾ ಬದುಕಿರುವವರೆಗೂ ಹಾಗೆಯೇ ಹೇಳುತ್ತಿದ್ದನಂತೆ. "ಬುಖಾ, ಉತ್ತರದ ಬಾವಿಯಿಂದ ಉಪ್ಪಿಗೆ ಹೋಗುವವನು ಯಾರು? ರಿಸ್ಸಾ. ನನ್ನ ಸೊಸೆಯ ಅಣ್ಣ. ಇದನ್ನು ನಂಬಿಕೊಂಡು ಅವನು ನಮ್ಮ ಹಿಂದೆ ಬರುತ್ತಿದ್ದಾನೆ. ಆ ಹುಡುಗಿ ತಾಯಿಯಿಲ್ಲದ ಮನೆಗೆ ಬಂದು ಒಲೆ ಹಚ್ಚಿದ್ದಾಳೆ. ಅವಳ ಅಣ್ಣನ ಒಂಟೆಗಳನ್ನು ಕೊಂದು ಬಂದು, ಅವಳ ಕೈಯಿಂದ ಹೇಗೆ ಅಂಬಲಿ ಕುಡಿಯಲಿ?"

ಬುಖಾ ಅತ್ತನು. ಆದರೆ ಅಣ್ಣನನ್ನು ಮೀರಲಿಲ್ಲ. ಗುಮೂರ್ ಒಂಟೆಗಳ ಮೇಲಿನ ಉಪ್ಪನ್ನೆಲ್ಲ ಇಳಿಸಿದನು. ಇನ್ನೂ ಕಾಲಲ್ಲಿ ಬಲವಿದ್ದ ಎರಡು ಒಂಟೆಗಳನ್ನೂ, ಉಳಿದ ನೀರಿನ ಬಹುಪಾಲನ್ನೂ ತಮ್ಮನಿಗೆ ಕೊಟ್ಟು, ನೀನು ಬೆಟ್ಟದ ಬಾವಿಗೆ ಹೋಗಿ ಜನರನ್ನು ಕರೆದುಕೊಂಡು ಬಾ ಎಂದನು. ನೀನೂ ಬಾ ಎಂದು ಬುಖಾ ಕಾಲು ಹಿಡಿದನು. ಗುಮೂರ್, ಏಳಲಾರದ ಈ ಮೂಕಪ್ರಾಣಿಗಳನ್ನು ಬಿಟ್ಟು ಬಂದರೆ ಇವುಗಳನ್ನು ಹುಟ್ಟಿಸಿದ ಒಡೆಯನಿಗೆ ಏನು ಉತ್ತರ ಕೊಡಲಿ, ನೀರಾದರೋ ಇಬ್ಬರಿಗೆ ಬಾವಿಯವರೆಗೆ ಸಾಲದು, ಎಂದನು. ಕೊನೆಗೆ ತಮ್ಮನ ಬೆನ್ನು ತಟ್ಟಿ ಹೀಗೆಂದನು: "ಮೇವಿನ ಒಡೆಯ ಬಂದೇ ಬರುತ್ತಾನೆ. ಅವನು ಬಂದ ಕೂಡಲೇ ಕೇಳುತ್ತೇನೆ, ಅವನು ಇಲ್ಲವೆನ್ನುವುದಿಲ್ಲ. ಹೋಗು, ಹಿಂದಿರುಗಿ ನೋಡಬೇಡ."

ಒಡೆಯನಾರೆಂದು ಬಲ್ಲ ನಮಗೆ ಈ ಮಾತು ಕೇಳಿದಾಗ ಎದೆ ಒಡೆಯುತ್ತದೆ. ತನ್ನದೇ ಮೇವಿನ ಮುಂದೆ ಕುಳಿತು, ಅದರ ಒಡೆಯ ಬರಲೆಂದು ದಾರಿ ನೋಡಿದನು ಗುಮೂರ್. ಅವನು ಹೇಗೆ ಕಾದನೆಂದು ಕಂಡವರಿಲ್ಲ, ಕಂಡವನು ದೇವರೊಬ್ಬನೇ. ಆ ಭಾಗವನ್ನು ನನ್ನ ಅಜ್ಜಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ನಾನೂ ಅದನ್ನು ಕಲ್ಪಿಸಿ ಹೇಳುವುದಿಲ್ಲ.

ಬುಖಾ ಬೆಟ್ಟದ ಬುಡದ ಬಾವಿಗೆ ಬಂದು ಬಿದ್ದಾಗ ಅವನ ತುಟಿ ಒಡೆದು ಕಪ್ಪಾಗಿತ್ತು. ಬಾವಿಯ ಬಳಿ ಹೆಂಗಸರೊಡನೆ ಗೈಶಾ ಇದ್ದಳು. ತಂಗಿಯನ್ನು ನೋಡಲು ಬಂದಿದ್ದ ರಿಸ್ಸಾನೂ ಇದ್ದನು. ಅವನು ಆ ವರ್ಷ ಉಪ್ಪಿಗೆ ಹೋಗಿಯೇ ಇರಲಿಲ್ಲ, ಅವರ ಒಂಟೆಗಳಿಗೆಲ್ಲ ಕಜ್ಜಿ ಹತ್ತಿತ್ತು. ತೊಟ್ಟು ತೊಟ್ಟಾಗಿ ನೀರು ಕುಡಿಸಿದ ಮೇಲೆ ಬುಖಾ ಕಣ್ಣು ಬಿಟ್ಟು ರಿಸ್ಸಾನನ್ನು ನೋಡಿದನು. ನೀನು ಇಲ್ಲೇ ಇದ್ದೀಯಾ, ಹಾಗಾದರೆ ದಿಬ್ಬದ ಬಳಿ ಇರುವ ಮೇವು ಯಾರದು ಎಂದು ಕೇಳಿ, ನಡೆದುದನ್ನೆಲ್ಲ ಹೇಳಿದನು. ನಮ್ಮದೇ ಆಗಿದ್ದರೂ ಒಂಟೆಗಳಿಗೆ ಹಾಕಬಾರದಿತ್ತೇ, ನಾವೇನು ಪರರೇ, ಎಂದು ರಿಸ್ಸಾ ನೆಲಕ್ಕೆ ಕುಸಿದನು. ಆಗ ಗೈಶಾ ಎದ್ದು ಬಂದಳು. ಗಂಡನ ಮನೆಯ ಹಿರಿಯರೆದುರು ಒಮ್ಮೆಯೂ ಬಾಯಿ ತೆರೆಯದಿದ್ದವಳು ಅಂದು ಮೊದಲ ಬಾರಿಗೆ ಮಾತಾಡಿದಳು.

"ಚಿಕ್ಕಮಾವ, ಆ ಗಂಟು ಹೇಗಿತ್ತು? ಈ ಹಗ್ಗದಲ್ಲಿ ಹಾಕಿ ತೋರಿಸಿ."

ಬುಖಾ ಹಗ್ಗ ಹಿಡಿದನು. ಎರಡು ಸುತ್ತು ಸುತ್ತಿದನು, ಕುಣಿಕೆ ಎಳೆಯುವಷ್ಟು ಬಲ ಬೆರಳಿಗಿರಲಿಲ್ಲ. ಗೈಶಾ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಎಡಕ್ಕೆ ಎಳೆದು ಮುಗಿಸಿದಳು. ಹೀಗೆಯೇ ಅಲ್ಲವೇ ಎಂದಳು. ಹೌದೆಂದು ಬುಖಾ ತಲೆಯಾಡಿಸಿದನು.

"ಅದು ಮಾವನ ಮೇವೇ," ಎಂದಳು ಅವಳು. "ಕಟ್ಟಿದವಳು ನಾನು."

ಬಾವಿಯ ಬಳಿಯಿದ್ದ ಗಂಡಸರು ಎದ್ದರು. ಒಂಟೆಗಳ ಮೇಲೆ ನೀರು ಹೇರಿದರು. ಗೈಶಾಳನ್ನು ಬರಬೇಡವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಕೀಲು ಕೀಲೂ ನೋಯುತ್ತಿದ್ದ ಬುಖಾನನ್ನು ಒಂಟೆಗೆ ಕಟ್ಟಿ ಕೂರಿಸಿ ದಾರಿ ತೋರಿಸಲು ಕರೆದೊಯ್ದರು.

ದಿಬ್ಬಕ್ಕೆ ಬಂದಾಗ ಗುಮೂರ್ ಮೇವಿನಿಂದ ದೂರದಲ್ಲಿ, ಅದಕ್ಕೆ ಬೆನ್ನು ಮಾಡಿ, ನಮಾಝಿಗೆ ಕುಳಿತ ಭಂಗಿಯಲ್ಲೇ ಪಕ್ಕಕ್ಕೆ ಒರಗಿದ್ದನು. ನೀರಿಲ್ಲದೆ ಮರಳಿನಿಂದಲೇ ವುಝೂ ಎಂಬ ಅಂಗಶುದ್ಧಿ ಮಾಡಿದ ಗುರುತು ಅಂಗೈಯಲ್ಲಿತ್ತು. ಅವನ ಮೈಮೇಲೆ ಕಂಬಳಿಯಿರಲಿಲ್ಲ. ಆ ಚಳಿಯಲ್ಲಿ ತನ್ನ ಕಂಬಳಿಯನ್ನು ತೆಗೆದು, ಪರರ ಮೇವು ಗಾಳಿಗೆ ಹಾರಿಹೋಗದಿರಲೆಂದು ಹೊರೆಗಳ ಮೇಲೆ ಹೊದಿಸಿ, ಅಂಚಿಗೆ ತನ್ನ ಉಪ್ಪಿನ ಅಚ್ಚುಗಳನ್ನು ಭಾರಕ್ಕಿಟ್ಟಿದ್ದನು. ಒಂಟೆಗಳ ಮುಂಗಾಲು ಮಡಿಸಿ ಕಟ್ಟಿದ್ದನು. ಜೀನಿನ ಹಗ್ಗಗಳನ್ನು ಬಿಚ್ಚಿ ಹೆಣೆದು, ಮೇವಿಗೆ ಬಾಯಿ ಹಾಕದಂತೆ ಒಂದೊಂದಕ್ಕೂ ಬಾಯಿಕುಕ್ಕೆ ಹಾಕಿದ್ದನು. ಒಂಟೆಗಳು ಸತ್ತಿದ್ದವು. ಒಂದು ಮುದಿ ಹೆಣ್ಣೊಂಟೆಯ ಪಕ್ಕೆ ಮಾತ್ರ ಇನ್ನೂ ಮೆಲ್ಲಗೆ ಏರಿಳಿಯುತ್ತಿತ್ತು.

ಗೈಶಾ ಮೊದಲು ಮಾವನ ಬಳಿಗೆ ಹೋಗಲಿಲ್ಲ. ಆ ಒಂಟೆಯ ಬಳಿ ಕುಳಿತು ಬಾಯಿಕುಕ್ಕೆ ಬಿಚ್ಚಿದಳು, ಬಟ್ಟೆ ನೆನೆಸಿ ನಾಲಿಗೆಗೆ ನೀರು ಹಿಂಡಿದಳು. ಆಮೇಲೆ ಮೇವಿನ ಹೊರೆಗೆ ಕೈ ಹಾಕಿದಳು. ತಾನೇ ಬಿಗಿದ ಗಂಟು ಅವಳ ಬೆರಳಿಗೆ ಬಿಚ್ಚಲಿಲ್ಲ. ಇಬ್ಬನಿಗೆ ಬಿಗಿದು, ಬಿಸಿಲಿಗೆ ಒಣಗಿ, ಹುರಿ ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ಬಾಯಲ್ಲಿ ರಕ್ತ ಬಂದರೂ ಗಂಟು ಬಿಡಲಿಲ್ಲ. ಕೊನೆಗೆ ರಿಸ್ಸಾ ತನ್ನ ಕತ್ತಿ ಕೊಟ್ಟನು. ಅವಳು ಒಂದೊಂದೇ ಹೊರೆಯ ಹುರಿಯನ್ನು ಕಡಿದು ಹುಲ್ಲನ್ನು ಹರಡಿದಳು. ಮುದಿ ಒಂಟೆ ಬಹಳ ಹೊತ್ತು ಮೂಸಿ ನೋಡಿತು. ಬಳಿಕ ಒಂದು ಹಿಡಿ ಹುಲ್ಲನ್ನು ಬಾಯಿಗೆ ತೆಗೆದುಕೊಂಡು ಅಗಿಯತೊಡಗಿತು. ಆ ಬಯಲಿನ ನಿಶ್ಶಬ್ದದಲ್ಲಿ ಅದೊಂದೇ ಸದ್ದು. ಆಗ ಗೈಶಾ ಮಾವನ ಬಳಿಗೆ ಹೋಗಿ ಅವನ ಪಾದದ ಹತ್ತಿರ ಕುಳಿತಳು.

"ಮಾವ, ಒಡೆಯ ನೀವೇ ಆಗಿದ್ದಿರಿ," ಎಂದಳಂತೆ. "ನಾನು ಕೇಳಲಿಲ್ಲ, ನೀವು ನೋಡಲಿಲ್ಲ."

ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ತಿಂದು ಉಳಿದ ಹುಲ್ಲನ್ನು ಮತ್ತೆ ಕಟ್ಟಲು ಬುಖಾ ಹುರಿ ಎತ್ತಿಕೊಂಡಾಗ ಗೈಶಾ ಅವನ ಕೈ ಹಿಡಿದು ತಡೆದಳು. ಇದು ಹೀಗೆಯೇ ಇರಲಿ, ಬಂದವರು ಯಾರಾದರೂ ಆಗಲಿ, ಕಟ್ಟುವುದು ಬೇಡ ಎಂದಳು. ಹುಲ್ಲಿನ ಮೇಲೆ ಮಾವನ ಉಪ್ಪಿನ ಅಚ್ಚುಗಳನ್ನು ಭಾರಕ್ಕಿಟ್ಟು ಹಿಂದಿರುಗಿದರು. ಅಘಾಲಿ ಜ್ವರ ಬಿಟ್ಟು ಬೇರೆ ಸಾಲಿನೊಡನೆ ಬರುವಾಗ ದಿಬ್ಬದ ಮರೆಯಲ್ಲಿ ಬಿಡಿಹುಲ್ಲನ್ನೂ ಹೊಸ ಮಣ್ಣಿನ ಗುಡ್ಡೆಯನ್ನೂ ಕಂಡನು. ಬಳಿಯಲ್ಲಿ ಕಡಿದ ಹುರಿಯ ತುಂಡುಗಳು ಬಿದ್ದಿದ್ದವು. ಅವನು ಒಂದನ್ನು ಎತ್ತಿ ನೋಡಿದನು. ಯಾರೂ ಅವನಿಗೆ ಏನನ್ನೂ ಹೇಳಬೇಕಾಗಲಿಲ್ಲ. ಗೈಶಾ ಬದುಕಿರುವವರೆಗೆ ಪ್ರತಿ ವರ್ಷ ತನ್ನ ಕೈಯಿಂದ ಹುಲ್ಲು ಕೊಯ್ದು, ಬಲೆಚೀಲದಲ್ಲಿ ತುಂಬಿ ಕಳಿಸುತ್ತಿದ್ದಳು. ದಿಬ್ಬದ ಬಳಿ ಅದನ್ನು ಬಿಡಿಯಾಗಿ ಸುರಿಯಬೇಕೆಂದು ಅವಳ ಅಪ್ಪಣೆ. ಅವಳ ಮಕ್ಕಳು ಕಳಿಸಿದರು. ಆಮೇಲೆ ಉತ್ತರದ ಬಾವಿಯವರು ಕಳಿಸಿದರು. ಹಾಗೆಯೇ ಆ ದಾರಿಯಲ್ಲಿ ನಡೆಯುವ ಎಲ್ಲರೂ ಸುರಿಯತೊಡಗಿದರು.

ಅವನಂಥ ಭಕ್ತನಿಗೆ ದೇವರೇಕೆ ಕರುಣೆ ತೋರಲಿಲ್ಲ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ನಾನು ಓದಿದವನಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ. ಕರುಣೆ ಆ ದಿಬ್ಬದ ಮರೆಯಲ್ಲಿ ಅವನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಗಾಳಿ ಎರಡನೆಯ ತಾಣವನ್ನು ಹೂತಿತು, ಇದನ್ನು ಹೂಳಲಿಲ್ಲ. ಹುಲ್ಲು ದೇವರದು, ಅದರ ಮೇಲಿನ ಗಂಟು ನಮ್ಮದು. ಆದರೂ ಗುಮೂರನನ್ನು ಮೂರ್ಖನೆಂದವರ ಜೊತೆ ನಾನು ಕೂರಲಾರೆ. ಪರರ ಪಾಲಿಗೆ ಕಂಬಳಿ ಹೊದಿಸಿ ತಾನು ಚಳಿಯಲ್ಲಿ ಕುಳಿತವನ ಲೆಕ್ಕ ಬೇರೆ ಕಡೆ ನಡೆಯುತ್ತದೆ. ನನಗೆ ತಿಳಿಯದ ಭಾಗವನ್ನು ದೇವರಿಗೇ ಬಿಟ್ಟಿದ್ದೇನೆ.

ಈಗ ಉಪ್ಪಿನ ದಾರಿಯಲ್ಲಿ ಒಂಟೆಗಳಿಗಿಂತ ಲಾರಿಗಳೇ ಹೆಚ್ಚು. ಕಣಿವೆಯ ಹುಲ್ಲೂ ಹಿಂದಿನಷ್ಟು ಏಳುವುದಿಲ್ಲ, ಮಳೆ ತನ್ನ ದಿನ ಮರೆತಿದೆ, ಮರಳು ವರ್ಷಕ್ಕಿಷ್ಟು ಬೆಟ್ಟದ ಕಡೆಗೆ ಸರಿಯುತ್ತಿದೆ. ಆದರೂ ನೀವು ಹೋದರೆ ಕಾಣುತ್ತೀರಿ: ಲಾರಿಯವನು ದಿಬ್ಬದ ಬಳಿ ವೇಗ ತಗ್ಗಿಸುತ್ತಾನೆ, ಹಿಂದೆ ಕುಳಿತವನು ಒಂದು ತೆಕ್ಕೆ ಹುಲ್ಲನ್ನು ಬಿಡಿಯಾಗಿ ಎಸೆಯುತ್ತಾನೆ, ಇಳಿದವನು ಅದರ ಮೇಲೆ ಉಪ್ಪಿನ ಅಚ್ಚೊಂದನ್ನಿಡುತ್ತಾನೆ. ಒಂಟೆಯವರು ಬಂದರೆ ಬಾವಿ ದಾಟಿದಲ್ಲಿಂದಲೇ ಹಗ್ಗದ ತುಂಡುಗಳನ್ನು ಚೀಲದೊಳಗೆ ಅಡಗಿಸಿಕೊಳ್ಳುತ್ತಾರೆ. ಆ ದಿಬ್ಬದ ಬಳಿ ತಲೆವಸ್ತ್ರದ ಗಂಟನ್ನೂ ಸಡಿಲಿಸಿ ನಿಲ್ಲುವುದು ರೂಢಿ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣಿಗೆ ನಮ್ಮ ಬಾವಿಯಲ್ಲಿ ಮಾವನೇ ಮೊದಲು ಹುರಿ ಕೊಟ್ಟು, ನಿನ್ನ ತವರಿನ ಗಂಟು ಹೇಗೆ, ತೋರಿಸಮ್ಮ ಎಂದು ಎಲ್ಲರೆದುರು ಕೇಳುತ್ತಾನೆ. ಅವಳು ಹಾಕಿ ತೋರಿಸಿದ ಮೇಲೆಯೇ ಮನೆಯವರು ಊಟಕ್ಕೆ ಕೂರುತ್ತಾರೆ.

ಇದನ್ನು ಇಷ್ಟು ಹೊತ್ತು ಕೇಳಿದವರೇ, ನಿಮ್ಮ ದಾರಿಯಲ್ಲಿ ಮೇವು ಸಿಗಲಿ, ಅದು ನಿಮ್ಮದೇ ಎಂಬ ಅರಿವೂ ಅದರ ಜೊತೆಯಲ್ಲೇ ಸಿಗಲಿ. ಕೇಳಲು ನಿಮಗೆ ಬಾಯಿ ಬರಲಿ, ಕೊಡಲು ನಿಮಗೆ ಕೈ ಬರಲಿ. ನಿಮ್ಮ ಮನೆಗೆ ಬಂದ ಹೆಣ್ಣುಮಗಳು ಅಂಜದೆ ಮಾತಾಡಲಿ. ಒಡೆಯನಿಗಾಗಿ ಕಾದು ಕುಳಿತವರೆಲ್ಲರ ಬಳಿಗೆ ಒಡೆಯನು ತಡಮಾಡದೆ ಬರಲಿ. ಆಮೀನ್.